ಬಚ್ಚಲಲ್ಲಿ ಬಿದ್ದವರು

ಬೀರು ಹೊತ್ತದ್ದನ್ನು ನೋಡಿ ಹೆಣ್ಣು ಕೊಟ್ಟವರು ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅದು ನಮ್ಮಪ್ಪ ಒಬ್ಬರೇ. ನಾವು ಆಗ ಒಂದು ಬಾಡಿಗೆ ಮನೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದೆವು. ಸಾಮಾನು ಸಾಗಿಸುವ ಕಂಪನಿಯಿಂದ ಬಂದವರಲ್ಲಿ ಒಬ್ಬ ಹುಡುಗ ನಮ್ಮ ಕಬ್ಬಿಣದ ಬೀರುವಿಗೆ ಪಟ್ಟಿ ಸುತ್ತಿ, ಬೆನ್ನಿಗೆ ಹೊತ್ತು, ಮೇಲಿನ ಮಹಡಿಗೆ ಒಬ್ಬನೇ ಏರಿಸಿದ. ಇಳಿಸಿದ ಮೇಲೆ ಉಸ್ಸೆನ್ನಲೂ ಇಲ್ಲ, ಕುಡಿಯಲು ನೀರು ಕೇಳಿದ. ನೀರು ಕೊಟ್ಟವಳು ನಾನು. “ಇವನ ಕೈ ಹಿಡಿದವಳು ಜನ್ಮದಲ್ಲಿ ಭಾರ ಹೊರಬೇಕಾಗಿಲ್ಲ ನೋಡು” ಎಂದು ಅಪ್ಪ ಅಮ್ಮನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅಪ್ಪನ ಅಂದಾಜುಗಳೆಲ್ಲ ಹಾಗೇ, ಮೊದಲ ದಿನಕ್ಕೆ ಮಾತ್ರ ಸರಿ.

ಕಂಪನಿಯಲ್ಲಿ ಇವರಿಗೆ ಆನೆ ಎಂದೇ ಹೆಸರು. ಮಾಲೀಕರೂ ಹಾಗೇ ಕರೆಯುತ್ತಿದ್ದರು, ಗಿರಾಕಿಗಳೂ ಫೋನು ಮಾಡಿ “ಆ ಆನೆಯನ್ನೇ ಕಳಿಸಿ” ಎನ್ನುತ್ತಿದ್ದರು. ಫ್ರಿಜ್ಜನ್ನು ಮೆಟ್ಟಿಲಲ್ಲಿ ಇಳಿಸುವಾಗ ಇಬ್ಬರು ಹಿಡಿಯುತ್ತಾರೆ. ಮೇಲಿದ್ದವನು ದಾರಿ ತೋರಿಸುತ್ತಾನೆ, ಕೆಳಗಿದ್ದವನ ಮೇಲೆ ಭಾರವೆಲ್ಲ ಬೀಳುತ್ತದೆ. ಅದಕ್ಕೇ ಒಂದು ಮಹಡಿ ನಿನ್ನದು, ಒಂದು ಮಹಡಿ ನನ್ನದು ಎಂದು ಅದಲು ಬದಲು ಮಾಡಿಕೊಳ್ಳುವುದು ಅವರಲ್ಲಿ ರೂಢಿ. ಇವರು ಮಾತ್ರ ಬದಲಾಯಿಸುತ್ತಲೇ ಇರಲಿಲ್ಲ. “ಕೆಳಗೆ ನಾನೇ ಇರ್ತೀನಿ, ನೀನು ಮೇಲಿಂದ ಹಾಡು ಹೇಳು” ಎಂದು ಜೊತೆಗಾರನಿಗೆ ತಮಾಷೆ ಮಾಡುತ್ತಿದ್ದರು. ಯಾರಿಗಾದರೂ ಬೆನ್ನು ಹಿಡಿದುಕೊಂಡರೆ ಮುಗಿಯಿತು, ವಾರವೆಲ್ಲ ಅವನನ್ನು ಆಡಿಕೊಳ್ಳುವುದು. “ಎತ್ತೋದು ತೊಡೆಯಲ್ಲಿ ಕಣೋ, ಸೊಂಟದಲ್ಲಲ್ಲ. ಸೊಂಟ ಹೋಯ್ತು ಅಂದ್ರೆ ನಿನಗೆ ಕೆಲಸ ಬರಲ್ಲ ಅಂತ ಅರ್ಥ.” ನಮ್ಮ ಮನೆಯ ಸಿಲಿಂಡರನ್ನಷ್ಟೇ ಅಲ್ಲ, ಮೇಲಿನ ಮನೆಯವರದು, ಪಕ್ಕದ ಮನೆಯವರದು, ಎಲ್ಲವನ್ನೂ ಇವರೇ ಹೊತ್ತು ಕೊಡುತ್ತಿದ್ದರು. ಆಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಜಂಬವಿತ್ತು.

ಆ ದಿನ ಮಧ್ಯಾಹ್ನವೇ ಮನೆಗೆ ಬಂದರು. ನಾನು ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. “ಏನ್ರೀ, ಇಷ್ಟು ಬೇಗ?” ಅಂದರೆ ನೆಟ್ಟಗೆ ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಕೆಟ್ಟು ಉರುಳಿದ ಸದ್ದು, ಹಿಂದೆಯೇ “ಅಯ್ಯೋ” ಎಂಬ ಕೂಗು. ಓಡಿಹೋದೆ. ಒದ್ದೆ ನೆಲದ ಮೇಲೆ ಅಂಗಾತ ಬಿದ್ದಿದ್ದರು, ಅಂಗಿಯೆಲ್ಲ ನೆನೆದಿತ್ತು, ಮುಖ ಬೂದಿ ಬಳಿದ ಹಾಗಿತ್ತು. “ಸೋಪು ನೀರಿತ್ತು ಕಣೇ” ಅಂದರು. ಬೆಳಿಗ್ಗೆ ಅಲ್ಲೇ ಬಟ್ಟೆ ಒಗೆದಿದ್ದೆ. ಆಮೇಲೆ ನೆಲ ಒರೆಸಿದ್ದೆನಲ್ಲ? ಒರೆಸಿದ ನೆನಪಿತ್ತು. ಆದರೆ ಕಣ್ಣೆದುರಿಗೇ ನೀರು ನಿಂತಿರುವಾಗ ನನ್ನ ನೆನಪನ್ನು ಯಾರು ಕೇಳುತ್ತಾರೆ?

ಆಸ್ಪತ್ರೆಯಲ್ಲೂ ಇವರು ಅದನ್ನೇ ಹೇಳಿದರು. ಬೆನ್ನಿನ ಡಿಸ್ಕು ಜಾರಿ ನರವನ್ನು ಒತ್ತುತ್ತಿದೆ, ಇನ್ನು ಭಾರ ಎತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಕೆಲಸದಲ್ಲಿ ಆಗಿದ್ದರೆ ಆಸ್ಪತ್ರೆಯ ಖರ್ಚು, ಮನೆಯಲ್ಲಿ ಕೂತ ದಿನಗಳ ಸಂಬಳ ಎರಡೂ ಕಂಪನಿಯ ಮೇಲೆ ಬೀಳುತ್ತಿದ್ದವು. ಮನೆಯ ಬಚ್ಚಲಲ್ಲಿ ಬಿದ್ದವರಿಗೆ ಕಂಪನಿ ಏಕೆ ಕೊಡುತ್ತದೆ? ಸ್ಕ್ಯಾನು, ಬೆನ್ನಿಗೆ ಇಂಜೆಕ್ಷನ್ನು, ಸೊಂಟದ ಪಟ್ಟಿ, ಮತ್ತೆ ಸ್ಕ್ಯಾನು. ಮೊದಲು ನನ್ನ ಬಳೆ ಹೋದವು, ಆಮೇಲೆ ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದು ಹೋಯಿತು. “ಒಂದು ವರ್ಷ ತಡೆದುಕೋ ಮಗಳೇ” ಎಂದೆವು. ಅವಳು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಅನ್ನುತ್ತಾರೆ. ಸೊಂಟ ಮುರಿದ ಆನೆಗೆ ಎಷ್ಟು ಎಂದು ಮಾತ್ರ ಯಾರೂ ಹೇಳಿಲ್ಲ.

ಇನ್ನು ನನ್ನ ಪಾಡು ಕೇಳಬೇಡಿ. ನೋಡಲು ಬಂದವರೆಲ್ಲ ಮೊದಲು ಇವರನ್ನು ಮಾತಾಡಿಸಿ, ಆಮೇಲೆ ಬಚ್ಚಲಿಗೆ ಹೋಗಿ ಬರುವವರು. ಒಬ್ಬಳು ಹೆಬ್ಬೆರಳಿನಿಂದ ನೆಲ ಉಜ್ಜಿ ನೋಡಿ, “ನಯವಾಗೇ ಇದೆಯಪ್ಪ” ಅಂದಳು. ನನ್ನ ಬಚ್ಚಲನ್ನು ದಿನಾ ತಿಕ್ಕುತ್ತೇನೆ ಕಣಮ್ಮಾ, ನಿನ್ನ ಅಡುಗೆಮನೆಗಿಂತ ಚೆನ್ನಾಗಿದೆ ಎನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಗಂಡನ ಸೊಂಟ ಮುರಿದವಳಿಗೆ ಎದುರುತ್ತರ ಬೇರೆ ಕೇಡು. ಅತ್ತೆಯಂತೂ ನನಗೆ ಹೇಳುವುದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. “ಬೆಟ್ಟದಂಥ ಮಗನನ್ನ ಒಂದು ಚೊಂಬು ನೀರಲ್ಲಿ ಬೀಳಿಸಿದಳು.” ಖರ್ಚು ತೂಗಿಸಲಾಗದೆ ನಾನು ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಾಗ, “ಮನೇದು ಒರೆಸೋಕಾಗಲಿಲ್ಲ, ಊರಿಂದು ಒರೆಸ್ತಾಳಂತೆ” ಎಂದರು. ಇವರು ಪಕ್ಕದಲ್ಲೇ ಮಲಗಿದ್ದರು, ಗೋಡೆಯ ಕಡೆ ತಿರುಗಿಕೊಂಡರು. ಪಾಪ, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿ ಸಂಕಟಪಡುತ್ತಿದ್ದಾರೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ಎದ್ದು ಓಡಾಡುವ ಹಾಗಾದ ಮೇಲೆ ಮಾಲೀಕರು ಇವರನ್ನು ಗೋದಾಮಿನ ಗೇಟಿನಲ್ಲಿ ಕೂರಿಸಿದರು. ಹೋಗುವ ಬರುವ ಲಾರಿ ನೋಡಿಕೊಳ್ಳುವುದು, ಸಂಬಳ ಮೊದಲಿನ ಅರ್ಧ. “ಕೆಲಸದಲ್ಲಿ ಆದ ಪೆಟ್ಟಲ್ಲ, ಆದರೂ ನಾನು ಕೈಬಿಡಲಿಲ್ಲ” ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಇವರು ತಲೆ ತಗ್ಗಿಸಿ ಕೇಳುತ್ತಿದ್ದರು. ಸಿಲಿಂಡರು ಈಗ ನಾನೇ ಹೊರುತ್ತಿದ್ದೆ. “ಮಧ್ಯಾಹ್ನ ಯಾರೂ ಇಲ್ಲದಾಗ ತಂದುಬಿಡೇ” ಅನ್ನುವರು. ನೋಡಿದವರು ನಗಬಾರದಲ್ಲ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

ಇವರ ಜಾಗಕ್ಕೆ ನನ್ನ ತಮ್ಮ ಸೇರಿಕೊಂಡ. ಬೇರೆ ಕಡೆ ಒಳ್ಳೆಯ ಕೆಲಸವೇ ಇತ್ತು ಅವನಿಗೆ, ಆದರೆ ಇಲ್ಲಿ ಕೂಲಿ ಹೆಚ್ಚು, ಹೆಚ್ಚಾದದ್ದನ್ನು ತಿಂಗಳಿಗೊಮ್ಮೆ ನನ್ನ ಕೈಗೆ ತುರುಕಿ ಹೋಗುತ್ತಿದ್ದ. ಬೇಡ ಅಂದರೆ, “ಭಾವಂಗೆ ಹೇಳಬೇಡ, ಅಷ್ಟೇ” ಅನ್ನುತ್ತಿದ್ದ. ಹೋದ ವರ್ಷ ಅತ್ತೆ ತೀರಿಕೊಂಡಾಗ ಖರ್ಚೆಲ್ಲ ನೋಡಿಕೊಂಡದ್ದೂ ಅವನೇ.

ಆ ತಮ್ಮನ ಭುಜ ಹೋಯಿತು. ಗೋದಾಮಿನಲ್ಲಿ ತೇಗದ ಮರದ ದೊಡ್ಡ ಕಪಾಟನ್ನು ಲಾರಿಗೆ ಏರಿಸುತ್ತಿದ್ದರಂತೆ. ನಾಲ್ವರು ಹಿಡಿಯುವ ಸಾಮಾನು, ಇದ್ದವರು ಇಬ್ಬರೇ. ಇನ್ನೊಂದು ಕಡೆಯವನ ಕೈ ಜಾರಿ ಭಾರವೆಲ್ಲ ತಮ್ಮನ ಮೇಲೆ ಬಂತು. ಒಳಗಿನ ಸ್ನಾಯು ಹರಿದಿದೆ, ಆಪರೇಷನ್ ಮಾಡದಿದ್ದರೆ ಬಲಗೈ ಮೇಲೇಳುವುದಿಲ್ಲ ಎಂದರು ಡಾಕ್ಟರು. ಅವರು ಹೇಳಿದ ಖರ್ಚು ಕೇಳಿ ನಾನು ತಮ್ಮನ ಮಂಚದ ಹತ್ತಿರ ಹೋದೆ.

“ಕಂಪನಿಯವರು ಏನಂತಾರೋ?” ಎಂದು ಕೇಳಿದೆ.

“ಬಚ್ಚಲಲ್ಲಿ ಬಿದ್ದೆ ಅಂತ ಹೇಳು ಅಂತಾರೆ ಅಕ್ಕ.”

“ಬಚ್ಚಲಲ್ಲಾ? ನಿನ್ನ ಗೋದಾಮಿನಲ್ಲಿ ಬಚ್ಚಲು ಎಲ್ಲಿಂದ ಬಂತು?”

ಅವನು ನೋವಿನಲ್ಲೂ ನಕ್ಕ. “ನಮ್ಮಲ್ಲಿ ಎಲ್ಲರೂ ಬೀಳೋದು ಬಚ್ಚಲಲ್ಲೇ. ತಿಂಗಳು ಪೂರ್ತಿ ಯಾರಿಗೂ ಪೆಟ್ಟಾಗದೆ ಇದ್ರೆ ಎಲ್ಲರಿಗೂ ಬೋನಸ್ಸು. ಒಬ್ಬನಿಗೆ ಆದ್ರೆ ಎಲ್ಲರದೂ ಖೋತಾ. ಅದಕ್ಕೇ ಯಾರು ಬಿದ್ರೂ ಉಳಿದವರು ಸೇರಿ ಮನೆಗೆ ಬಿಟ್ಟು ಬರ್ತಾರೆ, ‘ಬಚ್ಚಲು ಅಂತ ಹೇಳಪ್ಪಾ’ ಅಂತ ಕೈ ಮುಗೀತಾರೆ. ನಾನು ಹೇಳಲ್ಲ ಅಂದೆ. ಈಗ ಒಬ್ಬನೂ ನನ್ನ ಹತ್ರ ಮಾತಾಡಲ್ಲ.”

ಇವರು ಕಿಟಕಿಯ ಹತ್ತಿರ ನಿಂತಿದ್ದರು, ಕೇಳಿಯೂ ಕೇಳದವರ ಹಾಗೆ. ಬುದ್ಧಿ ಇದ್ದವಳಾಗಿದ್ದರೆ ನನಗೆ ಅಲ್ಲೇ ಹೊಳೆಯಬೇಕಿತ್ತು. ಆದರೆ ನಾನು ಕಣ್ಣಾರೆ ಕಂಡವಳಲ್ಲವೇ, ಒದ್ದೆ ನೆಲ, ಉರುಳಿದ ಬಕೆಟ್ಟು? ನನಗೆ ಹೊಳೆದದ್ದೇ ಬೇರೆ. ಎಲ್ಲರ ಹೆಂಡಿರ ಬಚ್ಚಲೂ ಸುಳ್ಳು ಬಚ್ಚಲು, ನಿಜವಾಗಿ ಗಂಡನನ್ನು ಬೀಳಿಸಿದವಳು ನಾನೊಬ್ಬಳೇ ಎನ್ನಿಸಿ, ಮೊದಲೇ ಇದ್ದ ನಾಚಿಕೆ ದುಪ್ಪಟ್ಟಾಯಿತು.

ನನ್ನ ತಮ್ಮ ಕಾರ್ಮಿಕ ಇಲಾಖೆಗೆ ದೂರು ಕೊಟ್ಟ. ಮಾಲೀಕರು, ಇವನು ಬೆಳಿಗ್ಗೆಯೇ ನೋವಿನ ಭುಜ ಇಟ್ಟುಕೊಂಡು ಕೆಲಸಕ್ಕೆ ಬಂದಿದ್ದ ಎಂದು ವಾದ ಹೂಡಿದರು. ಜೊತೆಯಲ್ಲಿದ್ದವನು “ನಾನು ಏನೂ ನೋಡಿಲ್ಲ” ಅಂದುಬಿಟ್ಟ. ಗೇಟಿನಿಂದ ಎಲ್ಲವನ್ನೂ ನೋಡಿದವರು ಇನ್ನೊಬ್ಬರು ಇದ್ದರು, ನನ್ನ ಗಂಡ. ತಮ್ಮನ ಆಪರೇಷನ್ನು, ಅವನ ಬಲಗೈ, ಇನ್ನೂ ಮದುವೆಯಾಗದ ಅವನ ಮುಂದಿನ ಬಾಳು, ಎಲ್ಲ ಇವರ ಒಂದು ಮಾತಿನ ಮೇಲೆ ನಿಂತಿತ್ತು.

“ಹೇಳ್ತೀರಿ ತಾನೇ?” ಎಂದು ಕೇಳಿದೆ.

“ನನ್ನನ್ನ ಇದರಲ್ಲಿ ಎಳೀಬೇಡ.”

“ಎಳೀಬೇಡ ಅಂದ್ರೆ? ಸುಳ್ಳು ಹೇಳಿ ಅಂದ್ನಾ? ಕಂಡದ್ದು ಹೇಳಿ ಅಂದೆ!”

“ಒಂದು ಮಾತು ಹೇಳಿದ್ರೆ ಇನ್ನೊಂದು ಕೇಳ್ತಾರೆ ಕಣೇ.”

“ಕೇಳಲಿ! ಅರ್ಧ ಸಂಬಳದ ಗೇಟಿಗೋಸ್ಕರ ನನ್ನ ತಮ್ಮನ ಕೈ ಮಾರ್ತೀರಾ? ಅವನು ನಮ್ಮನ್ನ ಸಾಕಿದ್ದಾನೆ ರೀ, ಗೊತ್ತಾ ನಿಮಗೆ? ಪ್ರತಿ ತಿಂಗಳೂ ನನ್ನ ಕೈಗೆ ದುಡ್ಡು ಇಟ್ಟಿದ್ದಾನೆ!”

ಹೇಳಬಾರದ್ದನ್ನು ಹೇಳಿಬಿಟ್ಟಿದ್ದೆ. ಅವರ ಮುಖ ನೋಡಲಾಗಲಿಲ್ಲ. ಆಮೇಲೆ ನಾವು ಮಾತು ಬಿಟ್ಟೆವು. ಬಡಿಸಿದರೆ ಉಣ್ಣುವರು, ಬಡಿಸದಿದ್ದರೆ ಹಾಗೇ ಕೂರುವರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಇದ್ದರು. ಹೇಡಿ ಗಂಡ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ವಿಚಾರಣೆಯ ದಿನ ಹೋದರೆ ಗೊತ್ತಾಯಿತು, ಮಾಲೀಕರೇ ಇವರನ್ನು ಕಂಪನಿಯ ಕಡೆಯ ಸಾಕ್ಷಿಯಾಗಿ ಕರೆಸಿದ್ದರು. ಎತ್ತರದ ಮೇಜಿನ ಹಿಂದೆ ಅಧಿಕಾರಿ, ನಡುವಯಸ್ಸಿನ ಹೆಂಗಸು. ನನ್ನ ತಮ್ಮ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದ. ಹಿಂದೆ ಕಂಪನಿಯ ಹುಡುಗರು ಸಾಲಾಗಿ ನಿಂತಿದ್ದರು. ಮಾಲೀಕರು ಬೆಣ್ಣೆಯಂಥ ದನಿಯಲ್ಲಿ ಶುರು ಮಾಡಿದರು.

“ಮೇಡಂ, ನಮ್ಮ ಕಂಪನಿಯಲ್ಲಿ ಇವತ್ತಿನವರೆಗೆ ಒಬ್ಬನಿಗೂ ಕೆಲಸದಲ್ಲಿ ಪೆಟ್ಟಾಗಿಲ್ಲ. ಅದಕ್ಕೇ ಹೆಚ್ಚಿಗೆ ಆಳು, ಎತ್ತೋ ಗಾಡಿ ಯಾವುದೂ ಬೇಕಾಗಿಲ್ಲ. ಇವರನ್ನೇ ಕೇಳಿ, ದೂರು ಕೊಟ್ಟವನ ಸ್ವಂತ ಭಾವ. ಇಷ್ಟು ವರ್ಷ ಎತ್ತಿದ್ದಾರೆ, ಏನೂ ಆಗಲಿಲ್ಲ. ಕೊನೆಗೆ ಮನೆಯ ಬಚ್ಚಲಲ್ಲಿ ಬಿದ್ದರು. ಆದರೂ ನಾನು ಕೆಲಸ ಕೊಟ್ಟಿದ್ದೀನಿ.”

“ಹೌದಾ?” ಎಂದು ಅಧಿಕಾರಿ ಇವರ ಕಡೆ ತಿರುಗಿದರು. “ಎಲ್ಲಿ ಬಿದ್ದಿರಿ ನೀವು?”

ಇವರು ಮೇಜಿನ ಅಂಚು ಹಿಡಿದು ನಿಂತರು. ಅಧಿಕಾರಿಯನ್ನು ನೋಡಲಿಲ್ಲ, ಮಾಲೀಕರನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದರು. ಸಣ್ಣ ಮಗು ಬಟ್ಟೆ ಒದ್ದೆ ಮಾಡಿಕೊಂಡು ನೋಡುತ್ತದಲ್ಲ, ಹಾಗೆ.

“ಬಚ್ಚಲಲ್ಲಿ ಬೀಳಲಿಲ್ಲ ಮೇಡಂ. ಒಂದು ಮನೆಯ ಮೆಟ್ಟಿಲಲ್ಲಿ ಫ್ರಿಜ್ಜು ಇಳಿಸ್ತಿದ್ದೆ, ಕೆಳಗಡೆ ನಾನಿದ್ದೆ. ನಡುವಿನಲ್ಲಿ ಬೆನ್ನಲ್ಲಿ ಏನೋ ಕಿತ್ತ ಹಾಗಾಯ್ತು. ಹುಡುಗರು ಮನೆಯ ತಿರುವಿನವರೆಗೂ ಬಿಟ್ಟು ಹೋದ್ರು. ಬಚ್ಚಲಿನ ನೆಲ ಒಣಗಿತ್ತು. ನನ್ನ ಹೆಂಡತಿ ಒರೆಸಿಟ್ಟಿದ್ದಳು. ನಾನೇ ಬಕೆಟ್ಟು ಉರುಳಿಸಿ, ಸೋಪು ಕದಡಿ, ಆ ನೀರಲ್ಲಿ ಮಲಕ್ಕೊಂಡೆ.”

ಅಧಿಕಾರಿ ಅದನ್ನು ಬರೆದುಕೊಂಡರು. ಇವರು ಮುಂದುವರಿಸಿದರು. “ಇವನ ಭುಜ ಹೋಗಿದ್ದೂ ನಾನು ನೋಡಿದ್ದೀನಿ. ಬೆಳಿಗ್ಗೆ ಎರಡು ಕೈಯಲ್ಲೂ ಗೇಟು ತಳ್ಳಿಕೊಂಡು ಬಂದ. ಅವತ್ತು ನಾನು ನಿಜ ಹೇಳಿದ್ದಿದ್ರೆ ಆ ಕಪಾಟಿಗೆ ನಾಲ್ಕು ಜನ ಇರ್ತಿದ್ರು.” ಹಿಂದೆ ನಿಂತ ಹುಡುಗರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ.

ನನಗೆ ಮೊದಲು ಸಿಟ್ಟು ಬರಲಿಲ್ಲ, ನಂಬಿ. ಅಷ್ಟು ಜನರ ಎದುರಿಗೆ ನನ್ನ ಬಚ್ಚಲಿನ ಮಾತು ಬಂತಲ್ಲ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸಿಟ್ಟು ಬಂದದ್ದು ಬಸ್‌ ಸ್ಟಾಪಿನಲ್ಲಿ, ಬಂದಾಗ ಹಿಡಿಸಲಾರದಷ್ಟು ಬಂತು.

“ಊರಿಗೆಲ್ಲ ಸುಳ್ಳು ಹೇಳಿದ್ರಿ ಸರಿ. ನನಗ್ಯಾಕೆ ಹೇಳಿದ್ರಿ? ನಾನೇನು ನಿಮ್ಮ ಬೋನಸ್ಸಿನಲ್ಲಿ ಪಾಲು ಕೇಳಿದ್ನಾ?”

“ನಿನಗೇ ಹೇಳೋಕೆ ಆಗದೆ ಇದ್ದದ್ದು ಕಣೇ. ಬೋನಸ್ಸು ನೆಪ. ಬಿದ್ದೆ ಅಂದ್ರೆ ನೆಲದ ತಪ್ಪು. ಎತ್ತೋವಾಗ ಹೋಯ್ತು ಅಂದ್ರೆ ನನ್ನ ತಪ್ಪು. ಎಲ್ಲರನ್ನೂ ಆಡಿಕೊಂಡವನು ನಾನು, ನನ್ನ ಕೈಲಿ ಎತ್ತೋಕಾಗಲಿಲ್ಲ ಅಂತ ನಿನ್ನ ಮುಂದೆ ಬಂದು ಹೇಗೆ ನಿಂತ್ಕೊಳ್ಳಲಿ?”

“ನೆಲದ ತಪ್ಪು ಅಂದ್ರೆ ಯಾರ ತಪ್ಪು? ನಂದೇ ತಾನೇ? ನಿಮ್ಮಮ್ಮ ದಿನಾ ಚುಚ್ಚುವಾಗ ಗೋಡೆ ನೋಡ್ಕೊಂಡು ಮಲಗಿದ್ರಲ್ಲ!”

“ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅಮ್ಮ ಹೋಗೇಬಿಟ್ಲು” ಎಂದು ಇವರು ರಸ್ತೆಯಲ್ಲೇ ಅಳತೊಡಗಿದರು. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ನೋಡಲಿ ಬಿಡಿ ಎಂದು ನಾನೂ ಅತ್ತುಬಿಟ್ಟೆ. ಹೋದ ಬಳೆ ಬರಬಹುದು, ಮಗಳ ಕಾಲೇಜೂ ಹೇಗೋ ಆದೀತು. ಅತ್ತೆ ಕಣ್ಣು ಮುಚ್ಚುವಾಗಲೂ ನನ್ನನ್ನು ಮಗನ ಸೊಂಟ ಮುರಿದವಳೆಂದೇ ತಿಳಿದು ಹೋದರಲ್ಲ, ಅದನ್ನು ತುಂಬಿಕೊಡುವವರು ಯಾರು?

ತಮ್ಮನಿಗೆ ಪರಿಹಾರ ಕೊಡಬೇಕೆಂದು ಆದೇಶವಾಯಿತು, ಆಪರೇಷನ್ನೂ ಆಯಿತು. ಇವರ ಪೆಟ್ಟಿಗೆ ಪರಿಹಾರ ಕೇಳುವ ಗಡುವು ಮೀರಿ ಹೋಗಿದೆ, ನೀವೇ ಬಚ್ಚಲು ಎಂದು ಹೇಳಿದ್ದೀರಿ ಬೇರೆ ಎಂದರು ಅಧಿಕಾರಿ, ಬೇಸರದಿಂದಲೇ. ಆ ವಾರವೇ ಗೇಟಿನ ಕೆಲಸ ಹೋಯಿತು. ಈಗ ಇವರು ಮನೆಯಲ್ಲಿರುತ್ತಾರೆ, ಕೂತಲ್ಲೇ ತರಕಾರಿ ಹೆಚ್ಚುತ್ತಾರೆ. ಬಂದವರು ಕೇಳಲಿ ಬಿಡಲಿ, “ನನ್ನ ಬೆನ್ನು ಹೋದದ್ದು ಮೆಟ್ಟಿಲಲ್ಲಿ, ಬಚ್ಚಲಲ್ಲಲ್ಲ” ಎಂದು ತಾವಾಗಿಯೇ ಹೇಳುತ್ತಾರೆ. ಒಂದೊಂದು ಸಲ ನನಗೇ ಸಾಕು ಸುಮ್ಮನಿರಿ ಅನ್ನಿಸುತ್ತದೆ. ಮನೆ ನಡೆಯುತ್ತಿರುವುದು ಮಗಳ ಸಂಬಳದಲ್ಲಿ ಮತ್ತು ನನ್ನ ನೆಲ ಒರೆಸುವ ಕೂಲಿಯಲ್ಲಿ.

ಹೋದ ತಿಂಗಳಿಂದ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆ. ಒದ್ದೆ ಮಾಪನ್ನು ದಿನವೆಲ್ಲ ಹಿಂಡಿ ಹಿಂಡಿ ಆದದ್ದು, ಅದರಲ್ಲಿ ಅನುಮಾನವೇ ಇಲ್ಲ. ಹಿಂಡುವಾಗಲೇ ಒಂದು ದಿನ ಚುರ್ರೆಂದು ಬೆಂಕಿ ಇಟ್ಟ ಹಾಗಾಯಿತು, ಮಾಪು ಕೈಯಿಂದ ಬಿತ್ತು. ಮರುದಿನ ಬಟ್ಟೆ ಸುತ್ತಿಕೊಂಡು ಹೋದೆ. ನಮ್ಮ ಮೇಲ್ವಿಚಾರಕಿ ನೋಡಿದಳು. ಕೆಟ್ಟವಳಲ್ಲ ಅವಳು.

“ಏನಾಯ್ತಮ್ಮ ಕೈಗೆ? ಇಲ್ಲಿ ಆಯ್ತಾ, ಮನೇಲಿ ಆಯ್ತಾ? ಇಲ್ಲಿ ಅಂದ್ರೆ ನಾನು ಮೇಲೆ ಹೇಳಲೇಬೇಕು. ಹೇಳಿದ್ರೆ ಅವರು ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ತಾರೆ. ಯೋಚನೆ ಮಾಡಿ ಹೇಳು.”

ಗಂಡನಿಗೆ ಅಷ್ಟು ಬಾಯಿ ಮಾಡಿದವಳು ನಾನು. ಕಂಡದ್ದು ಹೇಳೋದಕ್ಕೇನು ಕಷ್ಟ ಎಂದವಳು, ಹೇಡಿ ಎಂದು ಬೈದುಕೊಂಡವಳು. ಮಗಳೊಬ್ಬಳ ಸಂಬಳ ಕಣ್ಣ ಮುಂದೆ ಬಂತು. ತುಂಬ ಹೊತ್ತು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ.

“ಮನೇಲೇ ಮೇಡಂ. ಬಟ್ಟೆ ಹಿಂಡುವಾಗ” ಅಂದೆ.

ಸಂಜೆ ಇವರು ನನ್ನ ಕೈ ನೋಡಿ, “ಕೆಲಸದಲ್ಲಿ ಹೇಳಿದೆಯಾ?” ಎಂದು ಕೇಳಿದರು.

ಹೇಳಿದೆ ಎಂದು ಅವರಿಗೂ ಸುಳ್ಳು ಹೇಳಿದೆ.